ಪೈರಿನ ವಾಸನೆಯೂ ಕಾಂಡ ಕೊರೆಯುವ ಹುಳುವೂ

(ಹಿಡುವಳಿದಾರರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



ಜೋಳ ಅಥವಾ ಮುಸುಕಿನ ಜೋಳದ ಪೈರು ಮೊಣಕಾಲೆತ್ತರಕ್ಕೆ ಬಂದಿರುವಾಗ ಹೊಲದಲ್ಲಿ ಅಲ್ಲಲ್ಲಿ ಕೆಲವು ಗಿಡಗಳ ಸುತ್ತಣ ಗರಿಗಳೆಲ್ಲ ಹಸುರಾಗಿದ್ದು ನಡುವಣ ಸುಳಿ ಮಾತ್ರ ಒಣಗಿ ನಿಂತಿರುವುದನ್ನು ತಾವೆಲ್ಲರೂ ಕಂಡಿರುವಿರಿ. ಆ ಸುಳಿಯನ್ನು ಹಿಡಿದೆಳೆದರೆ ಸಲೀಸಾಗಿ ಕೈಗೆ ಬರುವುದು. ಗಿಡವನ್ನು ಬುಡದಿಂದ ಸೀಳಿ ನೋಡಿದರೆ, ಒಳಗೆ ಕಾಂಡವನ್ನು ಕೊರೆದು ತಿನ್ನುತ್ತಿರುವ ಹುಳುವೂ ಅದರ ಹಿಕ್ಕೆಯೂ ಕಾಣುವುವು.

ಈ ಹುಳುವಿನ ತಾಯಿ ಒಣಹುಲ್ಲಿನ ಬಣ್ಣದ ಒಂದು ಸಣ್ಣ ಪತಂಗ. ಹಗಲೆಲ್ಲ ಗರಿಗಳ ಮರೆಯಲ್ಲಿ ಅಡಗಿದ್ದು ಕತ್ತಲಾದ ಮೇಲೆ ಹಾರಾಡುವುದು. ಮೀನಿನ ಮೈಮೇಲಣ ಹುರುಪೆಗಳಂತೆ ಒಂದರ ಅಂಚಿನ ಮೇಲೊಂದಾಗಿ ಮೊಟ್ಟೆಗಳನ್ನು ಗರಿಗೆ ಅಂಟಿಸುವುದು. ಮೊಟ್ಟೆಯೊಡೆದ ಮರಿಗಳು ಮೊದಲು ಸುಳಿಯನ್ನು ಸೇರಿ ಎಳೆಯ ಗರಿಗಳನ್ನು ಕೆರೆದು ತಿಂದು, ಕೆಲವು ದಿನಗಳಲ್ಲಿಯೇ ಕಾಂಡದೊಳಕ್ಕೆ ಹೊಗುವುವು. ಹಾಗೆ ಒಳಸೇರಿದ ಹುಳುವಿಗೆ ಮೇಲೆ ಎರಚಿದ ಔಷಧ ತಾಗುವುದು ಕಷ್ಟ. ಕಟಾವಾದ ಮೇಲೂ ಕೂಳೆಯಲ್ಲಿ ಅಡಗಿದ್ದು ಮುಂದಿನ ಮಳೆಗೆ ಎಚ್ಚರಗೊಳ್ಳುವುದು.

ಇಷ್ಟು ಸಂಗತಿ ಹಳೆಯದು. ಇದಕ್ಕೂ ಹಿಂದಿನ ಒಂದು ಪ್ರಶ್ನೆಯುಂಟು. ಕತ್ತಲಿನಲ್ಲಿ ಹಾರುವ ಪತಂಗಕ್ಕೆ, ಇಲ್ಲಿರುವುದು ತನ್ನ ಮರಿಗಳಿಗೆ ತಕ್ಕ ಪೈರು, ಅಲ್ಲಿರುವುದು ಕೆಲಸಕ್ಕೆ ಬಾರದ ಹುಲ್ಲು ಎಂಬುದು ಹೇಗೆ ತಿಳಿಯುವುದು? ಈ ಪ್ರಶ್ನೆಯನ್ನು ಹಿಡಿದುಕೊಂಡು ಆಫ್ರಿಕ ಖಂಡದ ಕೀನ್ಯಾ ದೇಶದಲ್ಲಿ ಹಲವು ವರ್ಷ ದುಡಿದ ಕೀಟಶಾಸ್ತ್ರಜ್ಞರೊಬ್ಬರ ಕೆಲಸವೇ ಈ ದಿನದ ವಿಷಯ. ಅವರು ಭಾರತ ಸಂಜಾತರಾದ ಡಾಕ್ಟರ್ ಜೆಯಾವುರ್ ಖಾನ್.

ಕೀನ್ಯಾದ ಕೀಟಶಾಸ್ತ್ರಜ್ಞ ಥಾಮಸ್ ಒಡಿಯಾಂಬೊ ಎಂಬವರು 1970ರಲ್ಲಿ ನೈರೋಬಿಯಲ್ಲಿ ಒಂದು ಅಂತರರಾಷ್ಟ್ರೀಯ ಕೀಟಶಾಸ್ತ್ರ ಕೇಂದ್ರವನ್ನು ಸ್ಥಾಪಿಸಿದರು. ಅದರ ಒಂದು ಶಾಖೆ ಪಶ್ಚಿಮ ಕೀನ್ಯಾದಲ್ಲಿ, ವಿಕ್ಟೋರಿಯಾ ಸರೋವರದ ದಡದ ಎಂಬಿಟ ಎಂಬ ಸ್ಥಳದಲ್ಲಿರುವುದು. ಆ ಸೀಮೆಯ ಜನರಿಗೆ ಮುಸುಕಿನ ಜೋಳವೇ ಮುಖ್ಯ ಆಹಾರ, ಹಿಡುವಳಿಗಳು ಚಿಕ್ಕವು, ಔಷಧ ಕೊಳ್ಳುವ ಶಕ್ತಿ ಬಹುಮಂದಿಗೆ ಇರಲಿಲ್ಲ. ಕಾಂಡ ಕೊರೆಯುವ ಹುಳುಗಳಿಂದ ಅಲ್ಲಿ ಸಾಮಾನ್ಯವಾಗಿ ಶೇಕಡ 20ರಿಂದ 40ರವರೆಗೆ ಫಸಲು ನಷ್ಟವಾಗುತ್ತಿತ್ತು. ಆ ಹುಳುಗಳಲ್ಲಿ ಮುಖ್ಯವಾದುವು ಎರಡು. ಒಂದು ಆಫ್ರಿಕದ್ದೇ. ಇನ್ನೊಂದು ಕನ್ನಡ ನಾಡಿನ ಜೋಳದ ಹೊಲಗಳಲ್ಲಿ ಕಾಣುವ ಹುಳುವೇ. ಏಷ್ಯಾ ಖಂಡದಿಂದ ಹೇಗೋ ಸಮುದ್ರ ದಾಟಿದ ಇದು 1930ರ ಸುಮಾರಿಗೆ ಆಫ್ರಿಕದಲ್ಲಿ ಮೊದಲು ಗುರುತಿಸಲ್ಪಟ್ಟಿತು. ಆದುದರಿಂದ ಅಲ್ಲಿಯ ರೈತನ ಶತ್ರುವೂ ಇಲ್ಲಿಯ ರೈತನ ಶತ್ರುವೂ ಬೇರೆ ಬೇರೆಯಲ್ಲ.

ಖಾನರು 1990ರ ದಶಕದ ಮೊದಲ ವರ್ಷಗಳಲ್ಲಿ ಈ ಕೆಲಸಕ್ಕೆ ತೊಡಗಿದಾಗ ಮೊದಲು ನೋಡಿದುದು ಬೆಳೆಯನ್ನಲ್ಲ, ಕಾಡುಹುಲ್ಲುಗಳನ್ನು. ಅದಕ್ಕೆ ಕಾರಣ ಸುಲಭವಾದುದು. ಮುಸುಕಿನ ಜೋಳವು ಅಮೆರಿಕ ಖಂಡದಿಂದ ಆಫ್ರಿಕಕ್ಕೆ ಬಂದು ಕೆಲವು ಶತಮಾನಗಳು ಮಾತ್ರ ಕಳೆದಿವೆ. ಅದು ಬರುವುದಕ್ಕೆ ಮುಂಚೆಯೂ ಆಫ್ರಿಕದ ಹುಳು ಅಲ್ಲಿ ಇದ್ದಿತಷ್ಟೆ. ಆಗ ಅದು ಹುಲ್ಲುಗಳಲ್ಲಿಯೇ ಬದುಕುತ್ತಿದ್ದಿರಬೇಕು. ಖಾನರೂ ಅವರ ಜೊತೆಗಾರರೂ ನಾನಾ ಜಾತಿಯ ಹುಲ್ಲುಗಳನ್ನು ಬೆಳೆಸಿ, ಪತಂಗವು ಯಾವುದರ ಮೇಲೆ ಹೆಚ್ಚು ಮೊಟ್ಟೆಯಿಡುವುದು, ಮರಿಗಳು ಯಾವುದರಲ್ಲಿ ಬದುಕುವುವು, ಯಾವುದರಲ್ಲಿ ಸಾಯುವುವು ಎಂಬುದನ್ನು ಬಿಡಿಬಿಡಿಯಾಗಿ ಲೆಕ್ಕವಿಟ್ಟರು. ಇದು ಬಹಳ ಬೇಸರದ ಕೆಲಸ. ಆದರೆ ಮುಂದಣ ಎಲ್ಲದಕ್ಕೂ ಆಧಾರವಾದುದು ಈ ಲೆಕ್ಕವೇ.

ಈ ಲೆಕ್ಕದಲ್ಲಿ ಒಂದು ವಿಚಿತ್ರ ಹೊರಬಿದ್ದಿತು. ತಾಯಿಗೆ ಬಹಳ ಇಷ್ಟವಾದ ಹುಲ್ಲು ಮರಿಗೆ ಹಿತವಾಗಿಯೇ ಇರಬೇಕೆಂಬ ನಿಯಮವಿಲ್ಲ. ಆನೆಹುಲ್ಲೆಂದು ಹೆಸರಾದ ನೇಪಿಯರ್ ಹುಲ್ಲಿನ ಮೇಲೆ ಪತಂಗಗಳು ಮುಸುಕಿನ ಜೋಳಕ್ಕಿಂತಲೂ ಹೆಚ್ಚಾಗಿ ಮೊಟ್ಟೆಯಿಟ್ಟುವು. ಆದರೆ ಮರಿಯು ಅದರ ಕಾಂಡವನ್ನು ಕೊರೆಯಲು ಬಾಯಿ ಹಾಕಿದೊಡನೆ ಹುಲ್ಲು ಅಂಟಾದ ರಸವನ್ನು ಸುರಿಸುವುದು. ಮರಿ ಅದರಲ್ಲಿ ಸಿಕ್ಕಿಕೊಂಡು ಸಾಯುವುದು. ಬಹುಭಾಗ ಮರಿಗಳು ದೊಡ್ಡವಾಗುವುದೇ ಇಲ್ಲ. ಈ ನಾಡಿನ ಎಷ್ಟೋ ಮನೆಗಳಲ್ಲಿ ಹಸುಗಳಿಗೆ ಮೇವಾಗಿ ಕತ್ತರಿಸಿ ಹಾಕುವ ಹುಲ್ಲೇ ಇದು.

ಪತಂಗವು ನೇಪಿಯರ್ ಹುಲ್ಲಿಗೆ ಏಕೆ ಮರುಳಾಗುವುದೆಂಬುದನ್ನು ತಿಳಿಯಲು ರಸಾಯನಶಾಸ್ತ್ರದ ನೆರವು ಬೇಕಾಯಿತು. ಇಂಗ್ಲೆಂಡಿನಲ್ಲಿ 1843ರಲ್ಲಿ ಸ್ಥಾಪಿತವಾದ ರಾಥಮ್‌ಸ್ಟೆಡ್ ಎಂಬ ಪ್ರಸಿದ್ಧ ವ್ಯವಸಾಯ ಪ್ರಯೋಗಶಾಲೆಯ ಜಾನ್ ಪಿಕೆಟ್ ಮತ್ತು ಅವರ ಸಹೋದ್ಯೋಗಿಗಳು ಖಾನರೊಡನೆ ಸೇರಿದರು. ಅವರು ಅನುಸರಿಸಿದ ಕ್ರಮ ತಿಳಿದುಕೊಳ್ಳತಕ್ಕದ್ದು. ಗಿಡವನ್ನು ಕೊಳವೆಯಂಥ ಪಾತ್ರೆಯಲ್ಲಿಟ್ಟು, ಅದರ ಸುತ್ತಣ ಗಾಳಿಯನ್ನು ಸೆಳೆದು ಅದರಲ್ಲಿರುವ ವಾಸನೆಯ ದ್ರವ್ಯಗಳನ್ನು ಹಿಡಿದಿಡುವರು. ಆ ವಾಸನೆ ಒಂದೇ ದ್ರವ್ಯದ್ದಲ್ಲ, ಹತ್ತಾರು ದ್ರವ್ಯಗಳ ಬೆರಕೆ. ಯಂತ್ರದ ಮೂಲಕ ಅವನ್ನು ಒಂದೊಂದಾಗಿ ಬೇರ್ಪಡಿಸಿ, ಪ್ರತಿಯೊಂದನ್ನೂ ಪತಂಗದ ಮೀಸೆಯ ಮೇಲೆ ಹಾಯಿಸುವರು. ಪತಂಗಕ್ಕೆ ಮೂಗಿಲ್ಲ, ಮೀಸೆಯೇ ಅದರ ಮೂಗು. ಮೀಸೆಯ ಎರಡು ತುದಿಗಳಿಗೂ ಬಲು ನವುರಾದ ತಂತಿಗಳನ್ನು ಸೇರಿಸಿರುವುದರಿಂದ, ಪತಂಗವು ಗುರುತಿಸಬಲ್ಲ ದ್ರವ್ಯ ತಾಗಿದೊಡನೆ ಒಂದು ಸಣ್ಣ ವಿದ್ಯುತ್ಸಂಜ್ಞೆ ಹೊರಡುವುದು. ಗುರುತಿಸಲಾಗದ ದ್ರವ್ಯಕ್ಕೆ ಏನೂ ಆಗದು. ಹೀಗೆ ಹತ್ತಾರು ದ್ರವ್ಯಗಳಲ್ಲಿ ಪತಂಗದ ಪಾಲಿಗೆ ಅರ್ಥವುಳ್ಳವು ಯಾವುವೆಂಬುದನ್ನು ಪತಂಗದಿಂದಲೇ ಹೇಳಿಸಿದಂತಾಯಿತು.

ಹೊತ್ತಿನ ವಿಷಯದಲ್ಲಿ ಮತ್ತೊಂದು ಸಂಗತಿ ತಿಳಿದುಬಂದಿತು. ಸೂರ್ಯಾಸ್ತಕ್ಕೆ ಮುಂಚಿನ ಗಂಟೆಗಿಂತ ಕತ್ತಲಾದ ಮೊದಲ ಗಂಟೆಯಲ್ಲಿ ನೇಪಿಯರಿನಂಥ ಹುಲ್ಲುಗಳಿಂದ ಹೊರಡುವ ವಾಸನೆ ಸುಮಾರು ನೂರರಷ್ಟು ಹೆಚ್ಚುವುದು. ಮುಸುಕಿನ ಜೋಳ ಮತ್ತು ಜೋಳದಲ್ಲಿ ಹೆಚ್ಚುವುದು ಸುಮಾರು ಹತ್ತರಷ್ಟು ಮಾತ್ರ. ಹೆಣ್ಣು ಪತಂಗವು ಮೊಟ್ಟೆಯಿಡಲು ಗಿಡವನ್ನರಸುವ ಹೊತ್ತೂ ಅದೇ. ಸಂತೆಯಲ್ಲಿ ಇಬ್ಬರು ಕೂಗಿ ಮಾರುತ್ತಿದ್ದರೆ ಗಟ್ಟಿಯಾಗಿ ಕೂಗುವವನ ಕಡೆಗೆ ಜನ ತಿರುಗುವಂತೆ ಪತಂಗವು ಹುಲ್ಲಿನ ಕಡೆಗೆ ತಿರುಗುವುದು. ಹೊಲದ ಅಂಚಿನಲ್ಲಿ ಈ ಹುಲ್ಲನ್ನು ನೆಟ್ಟರೆ ನಡುವಣ ಪೈರಿಗೆ ಬರುವ ಪತಂಗಗಳಲ್ಲಿ ಬಹುಪಾಲು ಅಂಚಿನಲ್ಲಿಯೇ ನಿಲ್ಲುವುವು.

ಸೆಳೆಯುವ ಗಿಡ ದೊರೆತ ಮೇಲೆ ಅಟ್ಟುವ ಗಿಡವೂ ಇದ್ದರೆ ಕೆಲಸ ಇನ್ನೂ ಭದ್ರವಾಗುವುದೆಂದು ಖಾನರು ಅದನ್ನು ಹುಡುಕಿದರು. ಮೊದಲು ಸಿಕ್ಕಿದುದು ಮೊಲಾಸಿಸ್ ಹುಲ್ಲು. ಕಾಕಂಬಿಯಂಥ ವಾಸನೆಯಿರುವುದರಿಂದ ಅದಕ್ಕೆ ಆ ಹೆಸರು. ಅದನ್ನು ಮುಸುಕಿನ ಜೋಳದ ಸಾಲುಗಳ ನಡುವೆ ಬೆಳೆದಾಗ ಹುಳುವಿನ ಉಪದ್ರವ ಬಹಳ ಮಟ್ಟಿಗೆ ತಗ್ಗಿತು. ಅದಕ್ಕಿಂತ ಹೆಚ್ಚಿನ ಬೆಲೆಯುಳ್ಳ ಮತ್ತೊಂದು ಸಂಗತಿ 1997ರಲ್ಲಿ ಪ್ರಕಟವಾಯಿತು. ಕಾಂಡ ಕೊರೆಯುವ ಹುಳುವಿನ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಒಂದು ಸಣ್ಣ ಕಡಜವುಂಟು. ಹುಳು ಕಡಿದ ಮುಸುಕಿನ ಜೋಳವು ಒಂದು ಬಗೆಯ ವಾಸನೆಯನ್ನು ಹೊರಡಿಸುವುದು. ಕಡಜವು ಆ ವಾಸನೆಯ ಜಾಡು ಹಿಡಿದು ಬಂದು ಹುಳುವನ್ನು ಪತ್ತೆಮಾಡುವುದು. ಮೊಲಾಸಿಸ್ ಹುಲ್ಲಾದರೋ ಯಾವ ಹುಳುವೂ ಕಡಿಯದಿರುವಾಗಲೂ ಅದೇ ದ್ರವ್ಯವನ್ನು ಗಾಳಿಗೆ ಬಿಡುತ್ತಿರುವುದು! ಪತಂಗವು ಅದನ್ನು ಮೂಸಿ, ಈ ಮನೆ ಆಗಲೇ ತುಂಬಿದೆ ಎಂದು ಭಾವಿಸಿದಂತೆ ದೂರ ಸರಿಯುವುದು; ಕಡಜವು ಅದನ್ನೇ ಮೂಸಿ ಬೇಟೆಯಿದೆಯೆಂದು ಹತ್ತಿರ ಬರುವುದು. ಒಂದೇ ವಾಸನೆ ಕಳ್ಳನಿಗೆ ಒಂದು ಅರ್ಥ, ತಳವಾರನಿಗೆ ಇನ್ನೊಂದು ಅರ್ಥ.

ಆಮೇಲೆ ಮೊಲಾಸಿಸ್ ಹುಲ್ಲಿನ ಸ್ಥಾನವನ್ನು ಡೆಸ್ಮೋಡಿಯಂ ಎಂಬ ಬಳ್ಳಿ ಆಕ್ರಮಿಸಿತು. ಇದು ಅವರೆ, ಹುರುಳಿಗಳ ಬಳಗಕ್ಕೆ ಸೇರಿದುದು. ಇದರ ಕಾಯಿಗಳು ಬಟ್ಟೆಗೆ ಅಂಟಿಕೊಳ್ಳುವುವು. ದ್ವಿದಳ ಜಾತಿಯಾದುದರಿಂದ ಭೂಮಿಗೆ ಸಾರಜನಕವನ್ನು ಸೇರಿಸುವುದು, ನೆಲವನ್ನು ಮುಚ್ಚಿ ತೇವವನ್ನುಳಿಸುವುದು, ದನಗಳಿಗೆ ಒಳ್ಳೆಯ ಮೇವಾಗುವುದು. ಇಷ್ಟಕ್ಕಾಗಿ ಇದನ್ನು ಆರಿಸಿಕೊಂಡಿದ್ದರು. ಆದರೆ ಸರೋವರದ ಸುತ್ತಣ ಹೊಲಗಳಲ್ಲಿ ಇದನ್ನು ಹಾಕಿದ ಮೇಲೆ ಯಾರೂ ಎಣಿಸದಿದ್ದ ಒಂದು ಲಾಭ ಕಂಡುಬಂದಿತು.

ಆ ಸೀಮೆಯಲ್ಲಿ ಹುಳುವಿಗಿಂತಲೂ ಕ್ರೂರವಾದ ಇನ್ನೊಂದು ಪೀಡೆಯಿರುವುದು. ಅದು ಸ್ಟ್ರೈಗಾ ಎಂಬ ಕಳೆ. ಅಲ್ಲಿಯ ಲುವೊ ಜನರು ಕಾಯೋಂಗೊ ಎನ್ನುವರು. ಮಾವಿನ ಕೊಂಬೆಯ ಮೇಲೆ ಬದನಿಕೆ ಬೇರೂರಿ ಮರದ ರಸವನ್ನು ಹೀರುವಂತೆ ಇದು ನೆಲದೊಳಗೆ ಮುಸುಕಿನ ಜೋಳದ ಬೇರಿಗೆ ಬಾಯಿ ಹಾಕಿ ಹೀರುವುದು. ಅಂದವಾದ ನಸುಗೆಂಪು ಹೂವು ನೆಲದ ಮೇಲೆ ಕಾಣುವ ಹೊತ್ತಿಗೆ ಆಗಬೇಕಾದ ಹಾನಿ ಆಗಿಹೋಗಿರುವುದು, ಕಿತ್ತರೂ ಫಲವಿಲ್ಲ. ಒಂದೊಂದು ಗಿಡವೂ ಧೂಳಿನಂಥ ಹತ್ತಾರು ಸಾವಿರ ಬೀಜಗಳನ್ನುದುರಿಸುವುದು, ಅವು ವರ್ಷಾನುವರ್ಷ ಮಣ್ಣಿನಲ್ಲಿ ಜೀವ ಹಿಡಿದಿರುವುವು. ಇದರ ಒಂದು ಜಾತಿ ಭಾರತದ ಜೋಳದ ಹೊಲಗಳಲ್ಲಿಯೂ ಉಂಟು. ಈ ಕಳೆ ಹೆಚ್ಚಿದ ಹೊಲವನ್ನು ಬೀಳು ಬಿಟ್ಟು ಹೋದ ಕುಟುಂಬಗಳು ಆಫ್ರಿಕದಲ್ಲಿ ಕಡಮೆಯಿಲ್ಲ.

ಡೆಸ್ಮೋಡಿಯಂ ಬೆಳೆದ ಪಟ್ಟಿಗಳಲ್ಲಿ ಈ ಕಳೆ ಹೆಚ್ಚುಕಡಮೆ ಇಲ್ಲವೇ ಆಯಿತು. ನೆರಳೂ ಸಾರಜನಕವೂ ಸ್ವಲ್ಪ ನೆರವಾದುವು. ಅವಷ್ಟರಿಂದಲೇ ಅಲ್ಲವೆಂಬುದು ಮುಂದಣ ಪರೀಕ್ಷೆಗಳಿಂದ ಸ್ಪಷ್ಟವಾಯಿತು. ಈ ಬಳ್ಳಿಯ ಬೇರು ಮಣ್ಣಿಗೆ ಸ್ರವಿಸುವ ದ್ರವ್ಯಗಳಲ್ಲಿ ಕೆಲವು ಸ್ಟ್ರೈಗಾ ಬೀಜವನ್ನು ಮೊಳೆಯಿಸುವುವು, ಬೇರೆ ಕೆಲವು ಆ ಮೊಳಕೆಯು ಬೇರಿಗೆ ಕಚ್ಚಿಕೊಳ್ಳದಂತೆ ಅದರ ಬೆಳವಣಿಗೆಯನ್ನು ತಡೆಯುವುವು. ಊಟಕ್ಕೆ ಕರೆದು ಎಲೆ ಹಾಕದೆ ಕಳುಹಿಸಿದಂತೆ, ಮೊಳೆತ ಬೀಜ ಆಹಾರವಿಲ್ಲದೆ ಸಾಯುವುದು. ಮಣ್ಣಿನಲ್ಲಿರುವ ಬೀಜದ ರಾಶಿ ವರ್ಷ ವರ್ಷಕ್ಕೂ ಕರಗುವುದು. ಖಾನರ ಇಡೀ ಕೆಲಸದಲ್ಲಿ ರೈತರ ಮನಸ್ಸನ್ನು ಗೆದ್ದುದು ಹುಳುವಿನ ವಿಷಯಕ್ಕಿಂತಲೂ ಇದೇ ಎಂದು ತೋರುವುದು. ಹುಳುವನ್ನು ಸೀಳಿ ನೋಡಬೇಕು; ಕಳೆ ಹೋದುದು ರಸ್ತೆಯಲ್ಲಿ ಹೋಗುವವನಿಗೂ ಕಾಣುವುದು.

ಇನ್ನು ಸಾಗುವಳಿಯ ಕ್ರಮ. ಹೊಲದ ಸುತ್ತಲೂ ನೇಪಿಯರ್ ಹುಲ್ಲನ್ನು ಮೂರು ಸಾಲಾಗಿ ನೆಡುವರು. ಒಳಗೆ ಮುಸುಕಿನ ಜೋಳದ ಪ್ರತಿ ಎರಡು ಸಾಲುಗಳ ನಡುವೆಯೂ ಒಂದು ಸಾಲು ಡೆಸ್ಮೋಡಿಯಂ. ಅದರ ಬೀಜ ಬಹಳ ಸಣ್ಣದಾದುದರಿಂದ ಮರಳಿನೊಡನೆ ಬೆರಸಿ ಸಾಲಿಗೆ ಉದುರಿಸುವರು. ಹುಲ್ಲೂ ಬಳ್ಳಿಯೂ ಒಮ್ಮೆ ಹಿಡಿದರೆ ಹಲವು ವರ್ಷ ಇರುವುವು. ಪ್ರತಿ ಮಳೆಗೂ ಮುಸುಕಿನ ಜೋಳವನ್ನು ಮಾತ್ರ ಬಿತ್ತಿದರೆ ಸಾಕು. ಸ್ವಾಹಿಲಿ ಭಾಷೆಯಲ್ಲಿ ಇದಕ್ಕೆ ‘ವುತ ಸುಕುಮ’, ಎಂದರೆ ಎಳೆ-ತಳ್ಳು ಎಂದು ಹೆಸರು. ಹೆಕ್ಟೇರಿಗೆ ಒಂದು ಟನ್ನು, ಎಂದರೆ ಎಕರೆಗೆ ಸುಮಾರು 4 ಕ್ವಿಂಟಾಲು ಕೂಡ ಬಾರದಿದ್ದ ಹೊಲಗಳಲ್ಲಿ ಮೂರೂವರೆ ಟನ್ನಿನವರೆಗೆ, ಎಂದರೆ ಎಕರೆಗೆ ಸುಮಾರು 14 ಕ್ವಿಂಟಾಲಿನವರೆಗೆ ಬೆಳೆದುದು ವರದಿಯಾಗಿದೆ. ಪೂರ್ವ ಆಫ್ರಿಕದಲ್ಲಿ ಇದನ್ನು ಕೈಗೊಂಡ ರೈತರ ಸಂಖ್ಯೆ ಒಂದು ಲಕ್ಷವನ್ನು ಮೀರಿತು. ಮಳೆ ಕಡಮೆಯಾದ ಕಡೆಗಳಿಗಾಗಿ ಮುಂದೆ ನೇಪಿಯರಿಗೆ ಬದಲು ಬ್ರಾಕಿಯೇರಿಯಾ ಜಾತಿಯ ಹುಲ್ಲನ್ನೂ, ಬರವನ್ನು ಹೆಚ್ಚು ತಡೆಯುವ ಇನ್ನೊಂದು ಡೆಸ್ಮೋಡಿಯಮ್ಮನ್ನೂ ಬಳಕೆಗೆ ತಂದರು.

ಮೈಸೂರು ಸೀಮೆಯ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುವವರು, ಇದರಲ್ಲಿ ಹೊಸತೇನು ಎಂದು ಕೇಳಬಹುದು. ರಾಗಿಯ ನಡುವೆ ಅವರೆ, ತೊಗರಿ, ಜೋಳ, ಹರಳುಗಳ ಸಾಲು ಹಾಕುವುದು ಮನೆಗೆ ಬೇಳೆಯೂ ಎಣ್ಣೆಯೂ ಒದಗಲೆಂದು, ಒಂದು ಹೋದರೆ ಒಂದು ಉಳಿಯಲೆಂದು. ಆ ವಿವೇಕ ದೊಡ್ಡದೇ. ಆದರೆ ಇದನ್ನೂ ಅದನ್ನೂ ಒಂದೆಂದು ಭಾವಿಸಬಾರದು. ಇಲ್ಲಿ ಒಂದೊಂದು ಗಿಡವನ್ನೂ ಒಂದೊಂದು ಕೀಟದ ನಡತೆಯನ್ನು ನೋಡಿ ಆರಿಸಿರುವುದು. ಗಿಡ ಬದಲಾದರೆ ಫಲವೂ ಬದಲಾಗುವುದು.

ಶಾಸ್ತ್ರಜ್ಞರ ನಡುವೆ ಇನ್ನೂ ತೀರದ ಒಂದು ವಾದವನ್ನು ಇಲ್ಲಿ ಮುಚ್ಚಿಡುವುದು ತರವಲ್ಲ. ಡೆಸ್ಮೋಡಿಯಂ ತನ್ನ ವಾಸನೆಯಿಂದ ಪತಂಗವನ್ನು ಅಟ್ಟುವುದೆಂಬುದು ಖಾನರ ಗುಂಪಿನ ನಿರ್ಣಯ. ಈಚಿನ ವರ್ಷಗಳಲ್ಲಿ ಸ್ವೀಡನ್ ದೇಶದ ವ್ಯವಸಾಯ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷೆ ಮಾಡಿ, ಆ ಬಳ್ಳಿಯಿಂದ ಹೊರಡುವ ವಾಸನೆ ಅತ್ಯಲ್ಪ, ಪತಂಗಗಳು ಅದಕ್ಕೆ ಹೆದರುವುದಿಲ್ಲವೆಂದು ವಾದಿಸಿದರು. ಅವರ ಪ್ರಕಾರ ಬಳ್ಳಿಯ ಮೈಮೇಲೆ ಕೊಕ್ಕೆಯಾಕಾರದ ನವುರಾದ ರೋಮಗಳಿವೆ. ಅವುಗಳಲ್ಲಿ ಹುಳುಗಳೂ ಪತಂಗಗಳೂ ಸಿಕ್ಕಿಬಿದ್ದು ಸಾಯುವುವು. ಎಂದರೆ ಅದು ಅಟ್ಟುವ ಗಿಡವಲ್ಲ, ಬಲೆಯಂಥ ಗಿಡ. ಹುಳು ಕಡಮೆಯಾಗುವುದನ್ನು ಎರಡು ಕಡೆಯವರೂ ಒಪ್ಪುವರು. ಕಾರಣದಲ್ಲಿ ಮಾತ್ರ ವ್ಯತ್ಯಾಸ. ಇದು ಪಂಡಿತರ ಜಗಳವೆಂದು ತಳ್ಳಿಹಾಕುವಂತಿಲ್ಲ. ವಾಸನೆ ಕಾರಣವಾದರೆ ವಾಸನೆಯುಳ್ಳ ಬೇರೆ ಗಿಡವನ್ನು ಹುಡುಕಬಹುದು. ರೋಮ ಕಾರಣವಾದರೆ ಹುಡುಕಬೇಕಾದ ಗಿಡ ಬೇರೆಯೇ.

ಆಫ್ರಿಕದಲ್ಲಿ 2016ರಲ್ಲಿ ಹೊಸದೊಂದು ಶತ್ರು ಕಾಣಿಸಿಕೊಂಡಿತು. ಅಮೆರಿಕ ಖಂಡದಿಂದ ಬಂದ ಈ ಸೈನಿಕ ಹುಳು, ರೈತರ ಮಾತಿನ ಲದ್ದಿ ಹುಳು, ಎರಡೇ ವರ್ಷಗಳಲ್ಲಿ, ಎಂದರೆ 2018ರಲ್ಲಿ, ಭಾರತದಲ್ಲಿಯೂ ಕಂಡುಬಂದಿತು. ಮೊದಲು ಗುರುತಿಸಿದುದು ಕರ್ನಾಟಕದ ಮುಸುಕಿನ ಜೋಳದ ಹೊಲಗಳಲ್ಲಿಯೇ. ಅದೇ 2018ರಲ್ಲಿ ಪೂರ್ವ ಆಫ್ರಿಕದ ರೈತರ ಹೊಲಗಳಲ್ಲಿ ಎಣಿಸಿದ ಲೆಕ್ಕ ಪ್ರಕಟವಾಯಿತು. ಎಳೆ-ತಳ್ಳು ಪದ್ಧತಿಯ ಹೊಲಗಳಲ್ಲಿ ಗಿಡವೊಂದಕ್ಕೆ ಸಿಕ್ಕುವ ಈ ಹುಳುವಿನ ಸಂಖ್ಯೆ ಬರಿಯ ಮುಸುಕಿನ ಜೋಳದ ಹೊಲಗಳಿಗಿಂತ ಶೇಕಡ 80ಕ್ಕೂ ಹೆಚ್ಚು ಕಡಮೆಯಾಗಿತ್ತು. ಕಾಂಡ ಕೊರೆಯುವ ಹುಳುವಿಗಾಗಿ ಹೂಡಿದ ಉಪಾಯ ಮತ್ತೊಂದಕ್ಕೂ ಒದಗಿತು.

ಖಾನರ ಜೊತೆಯಲ್ಲಿ ದುಡಿದ ಇಥಿಯೋಪಿಯದ ಅಮಾನುಯೆಲ್ ತಾಮಿರು ಎಂಬ ಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಸಂಗತಿ ಬೀಜ ಕೊಳ್ಳುವ ಪ್ರತಿಯೊಬ್ಬರೂ ಕೇಳತಕ್ಕದ್ದು. ಅಮೆರಿಕ ಖಂಡದ ಕೆಲವು ಹಳೆಯ ನಾಡುತಳಿಗಳ ಗರಿಯ ಮೇಲೆ ಪತಂಗವು ಮೊಟ್ಟೆಯಿಟ್ಟ ಮಾತ್ರದಿಂದಲೇ, ಮರಿ ಇನ್ನೂ ಹೊರಬಂದು ಬಾಯಿ ಹಾಕುವುದಕ್ಕೆ ಮೊದಲೇ, ಆ ಗಿಡ ತನ್ನ ವಾಸನೆಯನ್ನು ಬದಲಾಯಿಸುವುದು. ಮೊಟ್ಟೆಯನ್ನು ತಿನ್ನುವ ಕಡಜವೂ ಮರಿಯನ್ನು ಕೊಲ್ಲುವ ಕಡಜವೂ ಆ ವಾಸನೆಗೆ ಬಂದು ಸೇರುವುವು. ಅದೇ ಪರೀಕ್ಷೆಗೆ ತೆಗೆದುಕೊಂಡ ಮಾರಾಟದ ಹೈಬ್ರಿಡ್ ತಳಿಗಳಲ್ಲಿ ಈ ಗುಣ ಕಂಡುಬರಲಿಲ್ಲ. ಮುಂದೆ ಆಫ್ರಿಕದ ರೈತರು ತಾವೇ ಉಳಿಸಿಕೊಂಡು ಬಂದ ಕೆಲವು ತಳಿಗಳಲ್ಲಿಯೂ ಇದು ಕಂಡುಬಂದಿತು. ಇಳುವರಿಯೊಂದನ್ನೇ ನೋಡಿ ಬೀಜವನ್ನು ಆರಿಸುತ್ತ ಬಂದಾಗ, ಯಾರ ಗಮನಕ್ಕೂ ಬಾರದೆ ಈ ಗುಣ ಕಳೆದುಹೋಗಿರಬಹುದು. ಹೈಬ್ರಿಡ್ ಬೇಡವೆಂದು ಇದರ ಅರ್ಥವಲ್ಲ. ಹಳೆಯ ಬೀಜದ ಒಂದು ಹಿಡಿಯನ್ನಾದರೂ ಮನೆಯಲ್ಲಿ ಉಳಿಸಿಕೊಂಡವನು ನಷ್ಟಪಡುವುದಿಲ್ಲವೆಂದು ಅರ್ಥ.

ತೊಡಕುಗಳೂ ಉಂಟು. ಡೆಸ್ಮೋಡಿಯಂ ಮೊದಲ ಮಳೆಯಲ್ಲಿ ಬಹಳ ನಿಧಾನವಾಗಿ ಏಳುವುದು. ಕಳೆ ಕೀಳುವ ಆಳುಗಳು ಗುರುತು ಸಿಕ್ಕದೆ ಅದನ್ನೇ ಕಿತ್ತುಹಾಕುವುದುಂಟು. ಆದುದರಿಂದ ಮೊದಲ ವರ್ಷ ಕೂಲಿ ಹೆಚ್ಚು, ಫಲ ಕಡಮೆ. ಬೀಜ ದುಬಾರಿ, ಎಲ್ಲ ಕಡೆಯೂ ಸಿಕ್ಕುವುದಿಲ್ಲ. ಪಶ್ಚಿಮ ಕೀನ್ಯಾದಲ್ಲಿ ನೇಪಿಯರ್ ಹುಲ್ಲಿಗೆ ಗಿಡ್ಡಾಗಿ ಹಳದಿಯಾಗುವ ಒಂದು ರೋಗ ಬಿದ್ದಿತು. ಗಂಧದ ಮರದ ಸ್ಪೈಕ್ ರೋಗವನ್ನು ಉಂಟುಮಾಡುವ ಸೂಕ್ಷ್ಮಜೀವಿಯ ವರ್ಗಕ್ಕೇ ಸೇರಿದ ಜೀವಿಯಿಂದ ಇದು ಬರುವುದು. ಹರಡುವುದು ಒಂದು ಸಣ್ಣ ಜಿಗಿಹುಳುವಿನಿಂದ. ಹುಳುವನ್ನು ಸೋಲಿಸಲು ನೆಟ್ಟ ಹುಲ್ಲಿಗೇ ಮತ್ತೊಂದು ಹುಳು ಗಂಟುಬಿದ್ದಂತಾಯಿತು. ದನವಿಲ್ಲದ ಮನೆಯವರಿಗಂತೂ ಈ ಪದ್ಧತಿಯಿಂದ ಅರ್ಧ ಲಾಭ ಮಾತ್ರ. ಸುತ್ತಣ ಹುಲ್ಲನ್ನೂ ನಡುವಣ ಬಳ್ಳಿಯನ್ನೂ ಮೇಯಿಸಿ ಹಾಲು ಕಂಡವನಿಗೆ ಮಾತ್ರ ಅಂಚಿಗೆ ಬಿಟ್ಟ ನೆಲದ ಬೆಲೆ ತಿರುಗಿ ಬರುವುದು.

ಗ್ರಾಮದ ಮುಖಂಡರು ಯೋಚಿಸತಕ್ಕ ತೊಡಕು ಇನ್ನೊಂದಿದೆ. ಕಟಾವಾದ ಮೇಲೆ ಊರ ದನಗಳನ್ನೆಲ್ಲ ಕೂಳೆಯ ಮೇಲೆ ಬಿಡುವ ರೂಢಿ ಆಫ್ರಿಕದ ಅನೇಕ ಕಡೆ ಇದೆ, ಇಲ್ಲಿಯೂ ಉಂಟು. ಹುಲ್ಲೂ ಬಳ್ಳಿಯೂ ವರ್ಷವಿಡೀ ಹೊಲದಲ್ಲಿ ನಿಲ್ಲಬೇಕಾದ ಈ ಪದ್ಧತಿಗೆ ಆ ರೂಢಿ ದೊಡ್ಡ ವಿಘ್ನವಾಗಿ ಪರಿಣಮಿಸಿತು. ಒಬ್ಬ ರೈತ ತನ್ನ ಹೊಲಕ್ಕೆ ಮುಳ್ಳು ಹಾಕಿ ಕಾಯಬಹುದು, ಆದರೆ ಎಷ್ಟು ದಿನ? ಬೇಸಗೆಯಲ್ಲಿ ಊರಲ್ಲಿ ಹಸುರಾಗಿ ಉಳಿದಿರುವ ಹೊಲ ಅದೊಂದೇ ಆಗಿದ್ದರೆ ದನಗಳೆಲ್ಲ ಅಲ್ಲಿಗೇ ನುಗ್ಗುವುವು. ಆದುದರಿಂದ ಯಾರಾದರೂ ಇದನ್ನು ಪರೀಕ್ಷಿಸಿ ನೋಡುವುದಾದರೆ ಒಂಟಿಯಾಗಿ ತೊಡಗುವುದು ಸರಿಯಲ್ಲ. ಪಕ್ಕಪಕ್ಕದ ನಾಲ್ಕೈದು ಹಿಡುವಳಿದಾರರು ಸೇರಿ ಕೆಲವೇ ಗುಂಟೆಗಳಲ್ಲಿ ಹಾಕಬೇಕು. ಬಿತ್ತುವ ಮುಂಚೆಯೇ ಊರ ಚಾವಡಿಯಲ್ಲಿ ಮಾತನಾಡಿ, ಆ ತುಣುಕಿಗೆ ಕಟಾವಿನ ನಂತರವೂ ದನ ಬಿಡಕೂಡದೆಂದೂ, ಬಿಟ್ಟರೆ ನಷ್ಟವನ್ನು ಯಾರು ಕಟ್ಟಿಕೊಡಬೇಕೆಂದೂ ಗ್ರಾಮದ ಮುಖಂಡರು ಮೊದಲೇ ಗೊತ್ತುಮಾಡಿಡಬೇಕು.